ಹಿಂದಿನ ಒಂದೇ ಗಾಲಿ ತಿರುಗಿ ಜೀಪ್ ಹೂತುಕೊಳ್ಳುತ್ತಿದೆ: ಟ್ರ್ಯಾಕ್ಟರ್ ಥರ ಒಂದು ಕಡೆಗೆ ಮಾತ್ರ ಬ್ರೇಕ್ ಮಾಡಿಸಬಹುದಾ?

ನಾಲೆದಾರಿ (ಮಲೇಬೆನ್ನೂರು):
ಎಲ್ಲರಿಗೂ ನಮಸ್ಕಾರ. ನಮ್ಮ ಗದ್ದೆ ಭದ್ರಾ ಅಚ್ಚುಕಟ್ಟಿನ ಕೊನೆಭಾಗದಲ್ಲಿದೆ. ಎರೆ ಮಣ್ಣು. ನಾಲೆಗೆ ನೀರು ಬಿಟ್ಟರೆ ಬಂಡಿ ದಾರಿ ಪೂರ್ತಿ ಕೆಸರು. ಗೊಬ್ಬರದ ಚೀಲ ಸಾಗಿಸಲು ಹಳೆಯ ಡೀಸೆಲ್ ಫೋರ್ ವೀಲ್ ಜೀಪ್ ಇಟ್ಟುಕೊಂಡಿದ್ದೇನೆ. ದಾರಿ ಎಡಕ್ಕೆ ವಾಲಿದೆ, ನೀರು ನಿಲ್ಲುವುದೂ ಆ ಕಡೆಯೇ. ಅಲ್ಲಿಗೆ ಬಂದರೆ ಹಿಂದಿನ ಎಡಗಾಲಿ ಗಿರ್ರನೆ ತಿರುಗುತ್ತದೆ. ಬಲಗಾಲಿ ಗಟ್ಟಿ ನೆಲದ ಮೇಲಿದ್ದರೂ ಸುಮ್ನೆ ನಿಂತಿರುತ್ತದೆ. ಎಕ್ಸಲೇಟರ್ ಒತ್ತಿದಷ್ಟೂ ಎಡಗಾಲಿ ಗುಂಡಿ ತೋಡಿಕೊಂಡು ಆಕ್ಸಲ್ ಹೌಸಿಂಗ್ (ಎರಡು ಗಾಲಿ ನಡುವಿನ ಕಬ್ಬಿಣದ ಕವಚ) ನೆಲಕ್ಕೆ ತಾಗುತ್ತದೆ. ಆಮೇಲೆ ಟ್ರ್ಯಾಕ್ಟರ್ ಕರೆಸಲೇಬೇಕು. ಟೈರ್ ಹೊಸದು, ಹವಾನೂ ಕಡಿಮೆ ಮಾಡಿ ನೋಡಿದ್ದೇನೆ.

ಟ್ರ್ಯಾಕ್ಟರಿಗೆ ಎಡಕ್ಕೊಂದು ಬಲಕ್ಕೊಂದು ಬ್ರೇಕ್ ಇರುತ್ತದಲ್ಲ, ಜಾರುವ ಕಡೆ ಒತ್ತಿದರೆ ಇನ್ನೊಂದು ಗಾಲಿ ಎಳೆಯುತ್ತದೆ. ಅದನ್ನೇ ಜೀಪಿಗೆ ಮಾಡಿಸಬಹುದಾ?

ದುರ್ಗದ ಜೀಪ್ (ಚಿತ್ರದುರ್ಗ):
ಅಷ್ಟೆಲ್ಲ ಖರ್ಚು ಯಾಕೆ ಬ್ರದರ್? ಹ್ಯಾಂಡ್‌ಬ್ರೇಕ್ ಎರಡು ಮೂರು ಹಲ್ಲು ಎಳೆದು ಲೋ ಗೇರಲ್ಲಿ ನಿಧಾನಕ್ಕೆ ಬಿಡಿ. ಹೊಸದುರ್ಗದ ಕಡೆ ಹಳ್ಳದ ಮರಳಲ್ಲಿ ನಾನು ಹೀಗೇ ಹೊರಗೆ ಬಂದಿದ್ದೇನೆ.

ಗೇರ್ ಹಲ್ಲು (ಹರಿಹರ):
ದುರ್ಗದವರು ಹೇಳಿದ್ದು ಸುಳ್ಳಲ್ಲ, ಆದರೆ ಅದರಿಂದ ಸಿಗುವ ಲಾಭ ತುಂಬಾ ಚಿಕ್ಕದು. ಯಾಕೆ ಅಂತ ಲೆಕ್ಕ ಹಾಕಿ ನೋಡೋಣ.

ಎಡ-ಬಲ ಗಾಲಿ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆಯೇ ಡಿಫರೆನ್ಷಿಯಲ್. ಸಾದಾ ಡಿಫರೆನ್ಷಿಯಲ್ ಎರಡೂ ಗಾಲಿಗೆ ಸಮನಾಗಿ ಟಾರ್ಕ್ (ತಿರುಗಿಸುವ ಬಲ) ಹಂಚುತ್ತದೆ. ಜಾರುವ ಗಾಲಿಗೇ ಎಲ್ಲ ಶಕ್ತಿ ಹೋಗುತ್ತದೆ ಅನ್ನುವ ಮಾತಿದೆ, ಟಾರ್ಕಿನ ವಿಷಯದಲ್ಲಿ ಅದು ತಪ್ಪು. ಕೆಸರಲ್ಲಿರುವ ಎಡಗಾಲಿ 100 ನ್ಯೂಟನ್ ಮೀಟರ್ ಮಾತ್ರ ತಡೆದುಕೊಳ್ಳುತ್ತದೆ ಅಂತಿಟ್ಟುಕೊಳ್ಳಿ. ಆಗ ಗಟ್ಟಿ ನೆಲದ ಬಲಗಾಲಿಗೂ 100 ಮಾತ್ರ ಸಿಗುತ್ತದೆ. ಒಟ್ಟು 200. ಜೀಪ್ ಕದಲಲು ಅದು ಸಾಲದು.

ಈಗ ಎಡಗಾಲಿಗೆ ಮಾತ್ರ 400ರಷ್ಟು ಬ್ರೇಕ್ ಹಾಕಿ. ಎಡಕ್ಕೆ ಒಟ್ಟು 500 ತಡೆ ಆಯಿತು. ಡಿಫರೆನ್ಷಿಯಲ್ ಬಲಕ್ಕೂ 500 ಕೊಡಲೇಬೇಕು. ಬಲಗಾಲಿಗೆ ಬ್ರೇಕಿಲ್ಲ, ಹಾಗಾಗಿ 500 ಪೂರ್ತಿ ನೆಲಕ್ಕೆ. ಎಡದ 100 ಸೇರಿ 600. ಮೂರು ಪಟ್ಟು ಎಳೆತ! ಇಂಜಿನ್ ಕಡೆಯಿಂದ ಮಾತ್ರ 1000 ಬರಬೇಕು, ಅದರಲ್ಲಿ 400 ಬ್ರೇಕಲ್ಲೇ ಬಿಸಿಯಾಗಿ ಹೋಗುತ್ತದೆ. ಅದಕ್ಕೇ ಇದನ್ನು ಲೋ ಗೇರಲ್ಲೇ ಮಾಡಬೇಕು.

ಹ್ಯಾಂಡ್‌ಬ್ರೇಕ್ ಎರಡೂ ಹಿಂದಿನ ಗಾಲಿ ಹಿಡಿಯುತ್ತದೆ. ಎಡಕ್ಕೆ 400, ಬಲಕ್ಕೂ 400. ಬಲಕ್ಕೆ ಬಂದ 500ರಲ್ಲಿ ಅದರದೇ ಬ್ರೇಕ್ 400 ನುಂಗಿತು. ನೆಲಕ್ಕೆ ಉಳಿದಿದ್ದು ಮತ್ತದೇ 100. ಇಂಜಿನ್ ಏದುಸಿರು ಬಿಟ್ಟಿದ್ದೇ ಬಂತು. ಮರಳಲ್ಲಿ ಕೆಲಸ ಮಾಡಿದ್ದಕ್ಕೆ ಕಾರಣ ಬೇರೆ: ಗಾಲಿಯ ವೇಗ ಇಳಿದು ಗುಂಡಿ ತೋಡುವುದು ನಿಲ್ಲುತ್ತದೆ. ಎರಡು ಕೇಬಲ್‌ಗಳಲ್ಲಿ ಜಾರುವ ಕಡೆಯದು ಬಿಗಿ ಇದ್ದರೂ ಲಾಭ ಆಗಿರುತ್ತದೆ. ಕೆಲವು ಹಳೆಯ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಡ್ರಮ್ ಟ್ರಾನ್ಸ್‌ಫರ್ ಕೇಸ್ (ಮುಂದಿನ-ಹಿಂದಿನ ಗಾಲಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಹಿಂದೆ ಇರುತ್ತದೆ. ಅದು ಡಿಫರೆನ್ಷಿಯಲ್‌ಗಿಂತ ಮೊದಲೇ ಹಿಡಿಯುವುದರಿಂದ ಎಡ-ಬಲಕ್ಕೆ ಏನೂ ಮಾಡುವುದಿಲ್ಲ.

ಅಮೆರಿಕ ಸೈನ್ಯದ ಹಮ್ವೀ ಓಡಿಸುವವರಿಗೆ ಬ್ರೇಕ್ ಮತ್ತು ಎಕ್ಸಲೇಟರ್ ಒಟ್ಟಿಗೆ ಒತ್ತಿ ಅಂತಲೇ ಕಲಿಸುತ್ತಾರೆ. ಅದರಲ್ಲಿರುವುದು ಟಾರ್ಸೆನ್ ಡಿಫರೆನ್ಷಿಯಲ್. ಜಾರುವ ಕಡೆ ಎಷ್ಟು ತಡೆ ಇದೆಯೋ ಅದರ ಹಲವು ಪಟ್ಟು ಇನ್ನೊಂದು ಕಡೆಗೆ ಕೊಡುತ್ತದೆ. ಹಾಗಾಗಿ ಎರಡೂ ಗಾಲಿಗೆ ಬ್ರೇಕ್ ಬಿದ್ದರೂ ಅಲ್ಲಿ ಲಾಭ. ಆ ವಿಡಿಯೋ ನೋಡಿ ನಮ್ಮ ಜೀಪಲ್ಲಿ ಮಾಡಿದರೆ ಆಗುವುದಿಲ್ಲ.

ನಾಲೆದಾರಿಯವರೇ, ಒಂದು ಪ್ರಶ್ನೆ. ಫೋರ್ ವೀಲ್ ಹಾಕಿದಾಗ ಮುಂದಿನ ಗಾಲಿ ತಿರುಗುತ್ತದಾ?

ನಾಲೆದಾರಿ:
ಸರ್, ಈ ಲೆಕ್ಕ ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ. ಮುಂದಿನ ಗಾಲಿ ಎರಡೂ ಕದಲುವುದಿಲ್ಲ. ಫೋರ್ ವೀಲ್ ಲಿವರ್ ಸರಿಯಾಗೇ ಬೀಳುತ್ತದೆ. ಮುಂದಿನ ಗಾಲಿಯನ್ನು ಶಾಫ್ಟಿಗೆ ಸೇರಿಸುವ ಹಬ್ಬಿನ ಡಯಲ್ ಎರಡೂ ಲಾಕ್‌ನಲ್ಲೇ ಇದೆ.

ಗೇರ್ ಹಲ್ಲು:
ಹಾಗಾದರೆ ಬ್ರೇಕಿನ ಮಾತು ಆಮೇಲೆ. ಫೋರ್ ವೀಲ್ ಬಿದ್ದಿದ್ದರೆ ಮುಂದೆ ಒಂದಾದರೂ ತಿರುಗಬೇಕು. ಎರಡೂ ನಿಂತಿವೆ ಅಂದರೆ ಒಂದು ಹಬ್ ಒಳಗೆ ಹಿಡಿಯುತ್ತಿಲ್ಲ ಅಂತ ನನ್ನ ಅನುಮಾನ. ಒಂದೇ ಹಬ್ ಕೈಕೊಟ್ಟರೂ ಮುಂದಿನ ಎರಡೂ ಗಾಲಿ ಸತ್ತಂತೆ. ಆ ಕಡೆಯ ಶಾಫ್ಟ್ ತಡೆಯೇ ಇಲ್ಲದೆ ಬರಿದೇ ತಿರುಗುತ್ತದೆ, ಇನ್ನೊಂದು ಕಡೆಗೂ ಅಷ್ಟೇ ಟಾರ್ಕ್, ಅಂದರೆ ಏನೂ ಇಲ್ಲ. ಅಲ್ಲಿ ಬ್ರೇಕ್ ಹಾಕಿಯೂ ಪ್ರಯೋಜನ ಇಲ್ಲ. ಬ್ರೇಕ್ ಗಾಲಿಯನ್ನು ಹಿಡಿಯುತ್ತದೆ, ಶಾಫ್ಟಿಗೂ ಗಾಲಿಗೂ ಸಂಬಂಧವೇ ತಪ್ಪಿಹೋಗಿದೆ.

ಪರೀಕ್ಷೆ ಹೀಗೆ ಮಾಡಿ. ಗಟ್ಟಿ ಸಮನೆಲದಲ್ಲಿ ನಿಲ್ಲಿಸಿ, ಹಿಂದಿನ ಗಾಲಿಗೆ ಕಲ್ಲು ಕೊಡಿ. ಇಂಜಿನ್ ಆಫ್, ಫೋರ್ ವೀಲ್ ಹಾಕಿ, ಗೇರಲ್ಲಿ ಬಿಡಿ. ಮುಂದಿನ ಒಂದೇ ಗಾಲಿ ಜಾಕ್ ಮೇಲೆ ಎತ್ತಿ ಕೈಯಿಂದ ತಿರುಗಿಸಿ. ಸ್ವಲ್ಪ ಅಲುಗಿ ನಿಂತರೆ ಸರಿ. ಸಲೀಸಾಗಿ ಸುತ್ತಿದರೆ ಒಂದು ಹಬ್ ಬಿಟ್ಟಿದೆ. ಗಾಲಿ ಹಿಂದಿನ ಶಾಫ್ಟ್ ಜಾಯಿಂಟ್ ಕಾಣುತ್ತಿದ್ದರೆ ಗಮನಿಸಿ. ಗಾಲಿ ತಿರುಗಿ ಜಾಯಿಂಟ್ ನಿಂತಿದ್ದರೆ ತೊಂದರೆ ಅದೇ ಕಡೆ. ಜಾಯಿಂಟೂ ಜೊತೆಗೆ ತಿರುಗಿದರೆ ತೊಂದರೆ ಎದುರು ಕಡೆ.

ಅಡಿಕೆ ತೋಟ (ಹೊಳಲ್ಕೆರೆ):
ಟ್ರ್ಯಾಕ್ಟರ್ ಮಾತು ಬಂದಿದ್ದಕ್ಕೆ ಒಂದು ಮಾತು ಹೇಳಿಬಿಡುತ್ತೇನೆ. ಗದ್ದೆಯಿಂದ ರೋಡಿಗೆ ಹತ್ತುವ ಮುಂಚೆ ಎರಡು ಬ್ರೇಕ್ ಪೆಡಲ್ ಸೇರಿಸುವ ಕೊಂಡಿ ಹಾಕಲೇಬೇಕು. ವೇಗದಲ್ಲಿ ಒಂದೇ ಕಡೆ ಬ್ರೇಕ್ ಬಿದ್ದರೆ ಟ್ರ್ಯಾಕ್ಟರ್ ಸರಕ್ಕನೆ ತಿರುಗಿ ಪಲ್ಟಿ ಹೊಡೆಯುತ್ತದೆ. ಹುಡುಗರ ಕೈಗೆ ಗಾಡಿ ಕೊಡುವವರು ದಯವಿಟ್ಟು ಇದನ್ನು ಮೊದಲು ಕಲಿಸಿ. ಇನ್ನು ಡಿಫರೆನ್ಷಿಯಲ್ ಲಾಕ್ (ಎರಡೂ ಗಾಲಿ ಒಟ್ಟಿಗೇ ತಿರುಗುವಂತೆ ಹಿಡಿಯುವ ವ್ಯವಸ್ಥೆ) ಇರುವ ಟ್ರ್ಯಾಕ್ಟರಲ್ಲಿ ಕೆಸರಿಗೆ ಅದೇ ಮೇಲು. ನೇರ ಹೋಗುವಾಗ ಮಾತ್ರ ಒತ್ತಬೇಕು, ಗಾಲಿ ಜೋರಾಗಿ ತಿರುಗುತ್ತಿರುವಾಗ ಒತ್ತಬಾರದು.

ನಾಲೆದಾರಿ:
ಸರ್, ನೀವು ಹೇಳಿದ್ದೇ ನಿಜ! ಬಲ ಮುಂದಿನ ಗಾಲಿ ಎತ್ತಿ ತಿರುಗಿಸಿದರೆ ಸಲೀಸಾಗಿ ಸುತ್ತಿತು, ಜಾಯಿಂಟ್ ಅಲ್ಲಾಡಲಿಲ್ಲ. ಹಬ್ ಬಿಚ್ಚಿದೆವು. ಹಳೆಯ ಗ್ರೀಸ್ ಕಪ್ಪು ಅಂಟಿನ ಥರ ಗಟ್ಟಿಯಾಗಿತ್ತು, ಡಯಲ್ ತಿರುಗಿದರೂ ಒಳಗಿನ ಹಲ್ಲಿನ ರಿಂಗ್ ಮುಂದಕ್ಕೆ ಸರಿಯುತ್ತಿರಲಿಲ್ಲ. ಮೇಸ್ತ್ರಿ ಡೀಸೆಲಲ್ಲಿ ತೊಳೆದು, ಹೊಸ ಗ್ರೀಸ್ ತೆಳುವಾಗಿ ಸವರಿ ಕೂರಿಸಿದರು. ನಿನ್ನೆ ಅದೇ ಜಾಗದಲ್ಲಿ ಮುಂದಿನ ಗಾಲಿ ಎಳೆದುಕೊಂಡು ಬಂತು. ಚೀಲ ತುಂಬಿದಾಗ ಮಾತ್ರ ಇನ್ನೂ ತಿಣುಕುತ್ತದೆ, ಮುಂದೊಂದು ಹಿಂದೊಂದು ಎಡಗಾಲಿ ಜಾರುತ್ತವೆ. ಅದಕ್ಕೆ ಒಂದು ಕಡೆ ಬ್ರೇಕ್ ಮಾಡಿಸುವುದು ಹೇಗೆ ಹೇಳಿ.

ಗೇರ್ ಹಲ್ಲು:
ಬಹಳ ಖುಷಿ ಆಯಿತು. ಹೊಸ ಗಾಡಿಗಳಲ್ಲಿ ಈ ಕೆಲಸ ಕಂಪ್ಯೂಟರ್ ಮಾಡುತ್ತದೆ. 2020ರ ಥಾರ್‌ನ ಕೆಲವು ಮಾಡೆಲ್‌ಗಳಲ್ಲೂ 2023ರಲ್ಲಿ ಭಾರತಕ್ಕೆ ಬಂದ ಜಿಮ್ನಿಯಲ್ಲೂ ಎಬಿಎಸ್ (ಬ್ರೇಕ್ ಹಾಕಿದಾಗ ಗಾಲಿ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಸೆನ್ಸರ್ ಜಾರುವ ಗಾಲಿ ಯಾವುದೆಂದು ಕಂಡುಹಿಡಿದು ಅದೊಂದಕ್ಕೇ ಬ್ರೇಕ್ ಹಾಕುತ್ತದೆ. ಹಳೆಯ ಜೀಪಲ್ಲಿ ಕೈಯಿಂದ ಮಾಡಬೇಕು. ವಿದೇಶದಲ್ಲಿ ಮರಳಿನ ಬಗ್ಗಿಗಳಿಗೆ ಒಂದು ಲಿವರ್ ಹಾಕುತ್ತಾರೆ. ಮುಂದೆ ತಳ್ಳಿದರೆ ಒಂದು ಹಿಂದಿನ ಗಾಲಿ, ಹಿಂದೆ ಎಳೆದರೆ ಇನ್ನೊಂದು. ಆದರೆ ಜೀಪಲ್ಲಿ ಹಿಂದಿನ ಆಕ್ಸಲ್‌ಗೆ ಒಂದೇ ಹೋಸ್ ಬಂದು, ಆಕ್ಸಲ್ ಮೇಲೆ ಟೀ ಜಾಯಿಂಟಲ್ಲಿ ಎರಡಾಗುತ್ತದೆ. ಲಿವರ್ ಹಾಕಬೇಕೆಂದರೆ ಎಡಕ್ಕೂ ಬಲಕ್ಕೂ ಬೇರೆ ಬೇರೆ ಪೈಪ್, ಬೇರೆ ಹೋಸ್ ಬೇಕು. ಆ ಕೆಲಸದಲ್ಲಿ ಒಂದು ಜಾಯಿಂಟ್ ಸೋರಿದರೂ ರೋಡಲ್ಲಿ ಬ್ರೇಕ್ ಕೈಕೊಡಬಹುದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕೂಡ ಗಾಡಿಯ ಬದಲಾವಣೆಗೆ ಮಿತಿ ಹಾಕುತ್ತದೆ. ರೋಡಿಗೆ ಇಳಿಯುವ ನಿಮ್ಮ ಜೀಪಿಗೆ ನಾನು ಬೇಡ ಅಂತಲೇ ಹೇಳುತ್ತೇನೆ.

ನಿಮ್ಮ ಹ್ಯಾಂಡ್‌ಬ್ರೇಕ್ ಹಿಂದಿನ ಡ್ರಮ್‌ಗಳಿಗೇ ಹೋಗುತ್ತದಾ? ಎರಡು ಕೇಬಲ್ ಬೇರೆ ಬೇರೆ ಇದ್ದರೂ ಒಂದನ್ನು ಬೇಕಂತಲೇ ಬಿಗಿ ಮಾಡಬೇಡಿ, ಇಳಿಜಾರಲ್ಲಿ ನಿಲ್ಲಿಸಿದಾಗ ಹಿಡಿತ ಅರ್ಧ ಆಗುತ್ತದೆ. ಅದರ ಬದಲು ಡ್ರಮ್ ಬಿಚ್ಚಿ ಒಣಗಿದ ಕೆಸರು ತೆಗೆದು, ಶೂ ಎರಡೂ ಕಡೆ ಸಮ ಮಾಡಿಸಿ. ಚೀಲಗಳನ್ನು ಎಡಕ್ಕೆ ಜಾಸ್ತಿ ಹೇರಿ, ಜಾರುವ ಗಾಲಿ ಮೇಲೆ ಭಾರ ಬೀಳಲಿ. ಅಲ್ಲಿ 100 ಇದ್ದದ್ದು 150 ಆದರೆ ಬಲಕ್ಕೂ 150 ಬರುತ್ತದೆ. ಆದರೆ ದಾರಿ ಎಡಕ್ಕೆ ಜಾಸ್ತಿ ವಾಲಿದ್ದರೆ ಪಲ್ಟಿ ಆದೀತು, ಚೀಲ ಎತ್ತರಕ್ಕೆ ಪೇರಿಸದೆ ತಳದಲ್ಲೇ ಹರಡಿ.

ನಾಲೆದಾರಿ:
ಹೌದು ಸರ್, ಡ್ರಮ್‌ಗೇ ಹೋಗುತ್ತದೆ. ನಾಳೆ ಬಿಚ್ಚಿಸುತ್ತೇನೆ. ಗಾಡಿ ಮಾಡಿದವರೇ ಕೊಡುವ ಡಿಫರೆನ್ಷಿಯಲ್ ಲಾಕ್ ಇರುವ ಹಿಂದಿನ ಆಕ್ಸಲ್ ಸಿಕ್ಕರೆ ಹಾಕಿಸಬಹುದಾ?

ಗೇರ್ ಹಲ್ಲು:
ಮೊದಲು ನಿಮ್ಮ ಕ್ರೌನ್ ಪಿನಿಯನ್ (ಆಕ್ಸಲ್ ಒಳಗಿನ ದೊಡ್ಡ-ಚಿಕ್ಕ ಗೇರ್ ಜೋಡಿ) ಹಲ್ಲು ಎಣಿಸಿ. ಹಿಂದಿನ ಆಕ್ಸಲ್ಲಿನ ರೇಶಿಯೋ ಮುಂದಿನದಕ್ಕೆ ಹೊಂದದಿದ್ದರೆ ಫೋರ್ ವೀಲ್ ಹಾಕಿದ ಕೂಡಲೇ ಎರಡು ಆಕ್ಸಲ್ ಒಂದಕ್ಕೊಂದು ಜಗ್ಗಾಡುತ್ತವೆ. ಹಲ್ಲಿನ ಲೆಕ್ಕ ಇಲ್ಲೇ ಹಾಕಿ. ಆರ್‌ಟಿಒದಲ್ಲೂ ಕೇಳಿಕೊಂಡು ಬನ್ನಿ, ಆಮೇಲೆ ಮುಂದುವರಿಯೋಣ.