10 ಅಡಿ ಎತ್ತರದ ಹಾಲ್‌ಗೆ ಕ್ರಿಸ್ಟಲ್ ಶಾಂಡಲಿಯರ್ ಹೊಂದುತ್ತಾ?

ಬೋಗಾದಿ ಹೊಸಮನೆ:
ಎಲ್ಲರಿಗೂ ನಮಸ್ಕಾರ. 30×40 ಸೈಟಲ್ಲಿ ಮನೆ ಕಟ್ಟಿಸುತ್ತಿದ್ದೇವೆ, ಮೋಲ್ಡ್ ಆಗಿದೆ, ಈಗ ವೈರಿಂಗ್ ನಡೆಯುತ್ತಿದೆ. ಹೋದ ವಾರ ನೆಂಟರನ್ನು ಮೈಸೂರು ಅರಮನೆಗೆ ಕರೆದುಕೊಂಡು ಹೋಗಿದ್ದೆವು. ಕಲ್ಯಾಣ ಮಂಟಪದಲ್ಲಿ ನವಿಲಿನ ಬಣ್ಣದ ಗಾಜಿನ ಚಾವಣಿ ಕೆಳಗೆ ಆ ಹರಳಿನ ತೂಗುದೀಪ ನೋಡಿದ್ದೇ ತಡ, ನಮ್ಮನೆಯವರು ಹಾಲ್‌ಗೂ ಅಂಥದ್ದೇ ಬೇಕು ಅಂತ ಹಟ ಹಿಡಿದಿದ್ದಾರೆ. ಅತ್ತೆ "ಇದು ಮನೆಯೋ ಛತ್ರವೋ" ಅನ್ನುತ್ತಾರೆ. ಹಾಲ್ 12×16. ನಿಜ ಹೇಳಬೇಕಂದ್ರೆ ನನಗೂ ಆಸೆ ಇದೆ, ಆದರೆ ಫ್ಯಾನ್ ಎಲ್ಲಿ ಹಾಕೋದು?

ಸರಸ್ವತಿಪುರಂ ಸೈಕಲ್:
ಮೇಡಂ, ಅರಮನೆ ಮಂಟಪ ಅಂತಸ್ತುಗಟ್ಟಲೆ ಎತ್ತರ, ಅಲ್ಲಿನ ಲೆಕ್ಕ ನಮ್ಮ ಮನೆಗೆ ಬರಲ್ಲ. ಸುಲಭದ ಲೆಕ್ಕ ಒಂದಿದೆ, ಹಾಲ್‌ನ ಉದ್ದ ಅಗಲ ಕೂಡಿಸಿ, 12ಕ್ಕೆ 16 ಸೇರಿದರೆ 28, ದೀಪದ ಅಗಲ ಸುಮಾರು 28 ಇಂಚು ಇರಲಿ. ಕೆಳಗೆ ಜನ ಓಡಾಡೋದಾದರೆ ನೆಲದಿಂದ 7 ಅಡಿ ಖಾಲಿ ಬಿಡಬೇಕು, ಅಂದರೆ ನಿಮಗೆ ಸರಪಳಿ ಸೇರಿ ಉಳಿಯೋದು ಬರೀ 3 ಅಡಿ. ಅದರ ಬದಲು ಊಟದ ಟೇಬಲ್ ಮೇಲೆ ಹಾಕಿಸಿ. ಟೇಬಲ್‌ನಿಂದ 30–36 ಇಂಚು ಮೇಲಿದ್ದರೆ ಸಾಕು, ತಲೆಗೆ ತಾಗೋ ಮಾತೇ ಇಲ್ಲ, ಫ್ಯಾನೂ ಹಾಲ್‌ನಲ್ಲೇ ಇರುತ್ತೆ. ತೂಕ ಮೊದಲೇ ಕೇಳಿಕೊಳ್ಳಿ, ಅದಕ್ಕೆ ತಕ್ಕ ಹುಕ್ ಮೋಲ್ಡ್‌ಗೇ ಹಾಕಿಸಿ. ಫಾಲ್ಸ್ ಸೀಲಿಂಗ್‌ಗೆ ನೇತು ಹಾಕಿದರೆ ಒಂದಿನ ಟೇಬಲ್ ಮೇಲೇ ಬೀಳುತ್ತೆ.

ಕುವೆಂಪುನಗರ ಕಾಫಿ:
ನಮ್ಮನೇಲಿ ಮೂರು ವರ್ಷದಿಂದ ಇದೆ. ಮೊದಲು ಹಾಲುಗಾಜಿನ ಬಿಳಿ ಎಲ್‌ಇಡಿ ಬಲ್ಬ್ ಹಾಕಿದ್ದೆವು, ಅಷ್ಟು ದುಡ್ಡು ಸುರಿದೂ ಮೆಡಿಕಲ್ ಸ್ಟೋರ್ ಥರ ಕಾಣುತ್ತಿತ್ತು! ಆಮೇಲೆ ತಂತಿ ಕಾಣುವ ಪಾರದರ್ಶಕ ಗಾಜಿನ ಬಲ್ಬ್, 2700 ಕೆಲ್ವಿನ್‌ದು, ಅಂದರೆ ಹಳದಿ ಬೆಳಕಿನದು, ಹಾಕಿಸಿದೆವು. ಅವತ್ತು ಸಂಜೆ ಗೋಡೆ ಮೇಲೆ ಕೆಂಪು, ನೀಲಿ ಚುಕ್ಕೆಗಳು ಬಿದ್ದವು, ಮಗಳು ಅವನ್ನು ಹಿಡಿಯೋಕೆ ಓಡಾಡಿದಳು. ಬೆಳಕು ಚಿಕ್ಕ ಜಾಗದಿಂದ ಬಂದರೆ ಮಾತ್ರ ಗಾಜಿನ ಕತ್ತರಿಸಿದ ಅಂಚಲ್ಲಿ ಬಣ್ಣ ಒಡೆಯೋದು. ಹಾಲುಗಾಜು ಅದನ್ನ ಹರಡಿಬಿಡುತ್ತೆ.

ಇನ್ನೊಂದು, ಅಂಗಡಿಯಲ್ಲಿ ಹರಳನ್ನು ಕೈಯಲ್ಲಿ ಹಿಡಿದು ನೋಡಿ. ಗಾಜು ತಣ್ಣಗೆ, ಭಾರವಾಗಿ ಇರುತ್ತೆ. ಅಕ್ರಿಲಿಕ್ ಹಗುರ, ಬೇಗ ಗೀರೂ ಬೀಳುತ್ತೆ. ಸೀಸ ಸೇರಿಸಿದ ಗಾಜಿಗೆ ಹೊಳಪು ಜಾಸ್ತಿ, ಬೆಲೆಯೂ ಅಷ್ಟೇ ಜಾಸ್ತಿ. ಇಂಗ್ಲೆಂಡಿನಲ್ಲಿ 1670ರ ದಶಕದಲ್ಲೇ ಅದನ್ನ ಮಾಡೋದು ಶುರುವಾಗಿತ್ತು.

ಮಂಡ್ಯದ ಮಾವ:
ಒರೆಸೋದು ಯಾರು, ಅದನ್ನ ಹೇಳಲೇ ಇಲ್ಲವಲ್ಲ ಯಾರೂ? ಮೊದಲ ಮಳೆ ಆದಮೇಲೆ ದೀಪಕ್ಕೆ ಮುತ್ತೋ ಹುಳದ ರೆಕ್ಕೆ ಒಂದೊಂದು ಹರಳಿಗೂ ಅಂಟುತ್ತೆ. ಪ್ರತಿ ದಸರಾಗೆ ಏಣಿ ಹಾಕಿ ನಾನೇ ಒರೆಸೋದು, ಅರ್ಧ ದಿನ ಹೋಗುತ್ತೆ. ಎಂಸಿಬಿ ಆಫ್ ಮಾಡಿ, ಎರಡೂ ಕೈಗೆ ಹತ್ತಿ ಗ್ಲೌಸ್ ಹಾಕಿ, ಒಂದು ಒದ್ದೆ ಒಂದು ಒಣ. ದೀಪವನ್ನ ತಿರುಗಿಸಬೇಡಿ, ಏಣೀನೇ ಸರಿಸಿ, ತಿರುಗಿಸಿದರೆ ಮೇಲಿನ ತಿರುಪು ಸಡಿಲ ಆಗುತ್ತೆ. ಹರಳು ಬಿಚ್ಚೋ ಮುಂಚೆ ಫೋಟೊ ತೆಗೆದಿಟ್ಟುಕೊಳ್ಳಿ. ನಾನು ತೆಗೀಲಿಲ್ಲ, ಕೊನೆಗೆ ನಾಲ್ಕು ಹರಳು ಉಳಿದವು, ಇವತ್ತಿಗೂ ಬೀರುವಿನಲ್ಲಿವೆ.

ಬೋಗಾದಿ ಹೊಸಮನೆ:
ಎಲ್ಲರಿಗೂ ಥ್ಯಾಂಕ್ಸ್. ಎಲೆಕ್ಟ್ರಿಷಿಯನ್‌ಗೆ ಹೇಳಿ ಪಾಯಿಂಟ್ ಊಟದ ಟೇಬಲ್ ಮೇಲಕ್ಕೆ ಸರಿಸಿದ್ದಾಯ್ತು. ಮಂಡ್ಯದ ಮಾವ ಬರೆದಿದ್ದನ್ನ ಅತ್ತೆಗೆ ಓದಿ ಹೇಳಿದೆ, "ಹಾಗಾದ್ರೆ ಏಣಿ ಹತ್ತೋನು ನನ್ನ ಮಗನೇ" ಅಂದರು. ನಮ್ಮನೆಯವರು ಈಗ 28 ಇಂಚು ಬೇಡ, 20 ಸಾಕು ಅನ್ನುತ್ತಿದ್ದಾರೆ.