ಮೈಲೇಜ್ ಜಾಸ್ತಿ ಮಾಡುವ ಡಬ್ಬಿ: ಬಳಸಿದವರು ಏನಂತೀರಿ?

ಪ್ರಶ್ನೆ, ಬೆಂಗಳೂರಿನಿಂದ:
ನನ್ನದು 2014ರ ಪೆಟ್ರೋಲ್ ವ್ಯಾಗನ್ ಆರ್. ಸಿಟಿಯಲ್ಲಿ ಲೀಟರ್‌ಗೆ 15 ಕಿ.ಮೀ. ಕೊಡುತ್ತಿದ್ದದ್ದು ಈಗ 12ಕ್ಕೆ ಇಳಿದಿದೆ. ಸ್ಟೀರಿಂಗ್ ಕೆಳಗಿನ, ಸ್ಕ್ಯಾನರ್ ಹಾಕಿ ಎಂಜಿನ್ ಚೆಕ್ ಮಾಡುವ ಓಬಿಡಿ ಪೋರ್ಟ್‌ಗೆ ಚುಚ್ಚುವ ಫ್ಯೂಯೆಲ್ ಸೇವರ್‌ನ ಜಾಹೀರಾತು ಫೋನಿನಲ್ಲಿ ದಿನವೂ ಬರುತ್ತಿದೆ. ಶೇ 30ರಷ್ಟು ಪೆಟ್ರೋಲ್ ಉಳಿಯುತ್ತದಂತೆ. ಆಫೀಸಿನ ಗೆಳೆಯರೊಬ್ಬರು ಪೆಟ್ರೋಲ್ ಪೈಪಿಗೆ ಮ್ಯಾಗ್ನೆಟ್ ಕಟ್ಟಿಸು ಅಂತಾರೆ. ನನಗೆ ಅನುಮಾನ, ಆದರೆ ತಿಂಗಳ ಖರ್ಚು ನೋಡಿದರೆ ಆಸೆಯೂ ಆಗುತ್ತದೆ. ಅನುಭವ ಇದ್ದವರು ಹೇಳಿ.

ಮೈಸೂರಿನಿಂದ, ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡುವವರು:
ನಮ್ಮ ಭಾವ ಆ ಓಬಿಡಿ ಡಬ್ಬಿ ತರಿಸಿದ್ದರು. ಬಿಚ್ಚಿ ನೋಡಿದೆ. ಓಬಿಡಿ ಸಾಕೆಟ್‌ನಲ್ಲಿ 16 ಪಿನ್ ಇರುತ್ತವೆ. ಈಗಿನ ಕಾರುಗಳಲ್ಲಿ 6 ಮತ್ತು 14ನೇ ಪಿನ್ ಮೂಲಕವೇ ಎಂಜಿನ್ ಕಂಪ್ಯೂಟರ್ ಜೊತೆ ಮಾತು ನಡೆಯಬೇಕು. ಭಾವನ ಡಬ್ಬಿಯಲ್ಲಿ ಆ ಎರಡು ಪಿನ್‌ಗಳಿಂದ ಒಳಗಿನ ಚಿಪ್‌ಗೆ ಸಂಪರ್ಕವೇ ಇರಲಿಲ್ಲ. ಬ್ಯಾಟರಿ ಪಿನ್‌ನಿಂದ ಕರೆಂಟ್ ತಗೊಂಡು ಎಲ್‌ಇಡಿ ಮಿನುಗಿಸುವುದಷ್ಟೇ ಅದರ ಕೆಲಸ. ಹೊರದೇಶಗಳಲ್ಲಿ ಇಂಥವನ್ನು ಬಿಚ್ಚಿ ನೋಡಿದವರಿಗೂ ಸಿಕ್ಕಿದ್ದು ಇದೇ.

ಇನ್ನೊಂದು ವಿಷಯ ಗಮನಿಸಿ. ‘240 ಕಿ.ಮೀ. ಓಡಿಸಿ, ಅಷ್ಟರಲ್ಲಿ ಇದು ನಿಮ್ಮ ಡ್ರೈವಿಂಗ್ ಕಲಿಯುತ್ತದೆ’ ಅಂತ ಬರೆದಿರುತ್ತಾರೆ. ಸಿಟಿಯಲ್ಲಿ ಅಷ್ಟು ಓಡಿಸುವ ಹೊತ್ತಿಗೆ ವಾಪಸ್ ಕೊಡುವ ಗಡುವು ಎಷ್ಟೋ ಸಲ ಮುಗಿದಿರುತ್ತದೆ. ದುಡ್ಡು ಕೊಟ್ಟು ಹಾಕಿಸಿದವರು ಆ ದಿನಗಳಲ್ಲಿ ಆಕ್ಸಿಲರೇಟರ್ ಹುಷಾರಾಗಿ ಒತ್ತುತ್ತಾರೆ ಅಲ್ವಾ? ಅದರಿಂದ ಉಳಿದ ಪೆಟ್ರೋಲ್ ಡಬ್ಬಿಯ ಲೆಕ್ಕಕ್ಕೆ ಸೇರುತ್ತದೆ.

ಹುಬ್ಬಳ್ಳಿಯಿಂದ, ಗ್ಯಾರೇಜ್ ನಡೆಸುವವರು:
ಮ್ಯಾಗ್ನೆಟ್ ಮಾರುವವರು ‘ಪೆಟ್ರೋಲ್ ಪೂರ್ತಿ ಉರಿಯುತ್ತದೆ’ ಅಂತಾರೆ. ಸರಿಯಾಗಿರುವ ಇಂಜೆಕ್ಷನ್ ಎಂಜಿನ್‌ನಲ್ಲಿ ಒಳಗೆ ಹೋದ ಪೆಟ್ರೋಲ್‌ನಲ್ಲಿ ಶೇ 95ಕ್ಕಿಂತ ಜಾಸ್ತಿ ಆಗಲೇ ಉರಿಯುತ್ತದೆ. ಉರಿಯದೆ ಉಳಿಯುವುದೇ ಅಷ್ಟು ಕಡಿಮೆ ಇರುವಾಗ ಶೇ 30 ಉಳಿತಾಯ ಎಲ್ಲಿಂದ ಬರಬೇಕು? ನಷ್ಟ ಆಗುವುದು ಉರಿದ ಮೇಲೆ. ರೇಡಿಯೇಟರ್ ಮತ್ತು ಸೈಲೆನ್ಸರ್ ಮೂಲಕ ಶಾಖವಾಗಿ ಹೋಗುತ್ತದೆ. ಪೈಪಿಗೆ ಕಟ್ಟಿದ ಮ್ಯಾಗ್ನೆಟ್‌ಗೆ ಅದನ್ನು ತಡೆಯಲು ಆಗುವುದಿಲ್ಲ. ಮೈಲೇಜ್ ಹೆಚ್ಚುತ್ತದೆ ಅಂತ ಎಂಜಿನ್‌ಗೆ ಗಾಳಿ ಹೋಗುವ ಪೈಪಿನೊಳಗೆ ಕೂರಿಸುವ ಫ್ಯಾನ್ ಕೂಡ ಅಷ್ಟೇ, ಗಾಳಿಗೆ ಅಡ್ಡ ಬರುತ್ತದೆ.

ಈಗ ನಿಮ್ಮ 15 ಯಾಕೆ 12 ಆಯ್ತು ಅಂತ ನೋಡೋಣ. ಒಂದು ಪಾಲು ಇ20, ಅಂದರೆ ಶೇ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್‌ನದು. ಒಂದು ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಕ್ತಿ ಇರುತ್ತದೆ. ಇ20ಗೆ ಹೊಂದಿಸದ ಕಾರುಗಳಲ್ಲಿ ಮೈಲೇಜ್ ಶೇ 3ರಿಂದ 6ರಷ್ಟು ಇಳಿಯಬಹುದು ಅಂತ ಸರ್ಕಾರವೇ 2025ರಲ್ಲಿ ಹೇಳಿದೆ. ಶೇ 6 ಅಂತಲೇ ಹಿಡಿದರೂ 15 ಇದ್ದದ್ದು 14ರ ಹತ್ತಿರ ನಿಲ್ಲಬೇಕಿತ್ತು. ಉಳಿದ ಎರಡು ಕಿಲೋಮೀಟರ್ ನಿಮ್ಮ ಕಾರಿನಲ್ಲೇ ಎಲ್ಲೋ ನಷ್ಟವಾಗುತ್ತಿದೆ, ಅಥವಾ ನಿಮ್ಮ ದಾರಿಯಲ್ಲಿ ಟ್ರಾಫಿಕ್ ಹೆಚ್ಚಾಗಿದೆ.

ಮೊದಲು ಟೈರ್ ಗಾಳಿ. ಕಾರು ತಣ್ಣಗಿರುವಾಗ, ಕಾರಿನ ಸ್ಟಿಕ್ಕರ್ ಅಥವಾ ಮ್ಯಾನ್ಯುಯಲ್‌ನಲ್ಲಿ ಬರೆದಷ್ಟೇ ಹಾಕಿಸಿ. ಆಮೇಲೆ ಬ್ರೇಕ್. ಜಾಸ್ತಿ ಬ್ರೇಕ್ ಹಿಡಿಯದೆ ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ಚಕ್ರಗಳನ್ನು ಮುಟ್ಟದೆ ಹತ್ತಿರ ಕೈ ಹಿಡಿದು ನೋಡಿ. ಒಂದೇ ಚಕ್ರ ಜಾಸ್ತಿ ಬಿಸಿ ಇದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿರಬಹುದು.

ಜನ ನೋಡದೇ ಇರುವುದು ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾಗುವವರೆಗೆ ಕೂಲಂಟ್ ರೇಡಿಯೇಟರ್‌ಗೆ ಹೋಗದಂತೆ ತಡೆಯುವ ವಾಲ್ವ್. ಎಂಜಿನ್ ಬಿಸಿಯಾಗುತ್ತದೆ ಅಂತ ಕೆಲವು ಮೆಕ್ಯಾನಿಕ್‌ಗಳು ಅದನ್ನು ಕಿತ್ತೇ ಹಾಕುತ್ತಾರೆ. ಆಗ ಎಂಜಿನ್ ಸರಿಯಾದ ಬಿಸಿಗೆ ಬರುವುದಕ್ಕೆ ತುಂಬಾ ಹೊತ್ತು ಹಿಡಿಯುತ್ತದೆ. ಕಂಪ್ಯೂಟರ್ ಎಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಜಾಸ್ತಿ ಪೆಟ್ರೋಲ್ ಬಿಡುತ್ತದೆ. ಹೊಗೆಯಲ್ಲಿನ ಆಕ್ಸಿಜನ್ ಅಳೆಯುವ ಹಳೇ ಆಕ್ಸಿಜನ್ ಸೆನ್ಸರ್ ತಪ್ಪು ರೀಡಿಂಗ್ ಕೊಟ್ಟರೂ ಹೀಗೇ ಆಗಬಹುದು. ಸ್ಕ್ಯಾನರ್ ಹಾಕಿ ನೋಡಿದರೆ ಎರಡೂ ಗೊತ್ತಾಗುತ್ತವೆ. ಓಬಿಡಿ ಪೋರ್ಟ್ ಇರುವುದು ಇಂಥ ಕೆಲಸಕ್ಕೆ. ಡಬ್ಬಿಗೆ ಕೊಡುವ ದುಡ್ಡನ್ನು ಈ ಚೆಕಪ್‌ಗೆ ಕೊಡಿ.

ಮಂಗಳೂರಿನಿಂದ, ಟ್ಯಾಕ್ಸಿ ಓಡಿಸುವವರು:
ನಮ್ಮ ಸ್ಟ್ಯಾಂಡಿನಲ್ಲಿ ಒಬ್ಬರು ಮ್ಯಾಗ್ನೆಟ್ ಹಾಕಿಸಿ ತುಂಬಾ ಖುಷಿಯಲ್ಲಿದ್ದರು. ಕೂತು ಮಾತಾಡಿದಾಗ ಗೊತ್ತಾಯ್ತು, ಆ ವಾರ ಅವರಿಗೆ ಉಡುಪಿ, ಕುಂದಾಪುರ ಕಡೆಯ ಬಾಡಿಗೆಗಳೇ ಜಾಸ್ತಿ ಸಿಕ್ಕಿದ್ದವು. ಹೈವೇಯಲ್ಲಿ ಮೈಲೇಜ್ ಬರದೇ ಇರುತ್ತದಾ? ಸಿಟಿ ಬಾಡಿಗೆ ಶುರುವಾದ ಮೇಲೆ ಮತ್ತೆ ಹಳೇ ಲೆಕ್ಕವೇ.

ಅಳೆಯುವುದಾದರೆ ಡ್ಯಾಶ್‌ಬೋರ್ಡ್ ತೋರಿಸುವ ನಂಬರ್ ನಂಬಬೇಡಿ. ಒಂದೇ ಬಂಕ್, ಒಂದೇ ಪಂಪ್. ನಾಝಲ್ ಮೊದಲ ಸಲ ತಾನಾಗಿ ಕಟ್ ಆದಾಗ ನಿಲ್ಲಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಟ್ಯಾಂಕ್ ಬಹುಪಾಲು ಖಾಲಿಯಾದ ಮೇಲೆ ಅಲ್ಲೇ, ಹಾಗೇ ತುಂಬಿಸಿ. ಓಡಿದ ಕಿಲೋಮೀಟರನ್ನು ಎರಡನೇ ಸಲ ಹಿಡಿಸಿದ ಲೀಟರ್‌ನಿಂದ ಭಾಗಿಸಿ. ಒಂದು ಟ್ಯಾಂಕ್ ಸಾಲದು, ಕೆಲವು ತಿಂಗಳು ಬರೆದಿಡಿ.

ಅಮೆರಿಕದ ಮಿಶಿಗನ್‌ನಿಂದ:
ಇಲ್ಲಿ 1970ರ ದಶಕದ ತೈಲ ಬಿಕ್ಕಟ್ಟಿನಿಂದಲೂ ಈ ವ್ಯಾಪಾರ ಇದೆ. ಇಲ್ಲಿನ ಪರಿಸರ ಸಂಸ್ಥೆ ಇಪಿಎ ಇಂಥ 100ಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದೆ. ಹೇಳಿಕೊಳ್ಳುವಂಥ ಉಳಿತಾಯ ಯಾವುದರಲ್ಲೂ ಕಾಣಲಿಲ್ಲ. ಕೆಲವು ಸಾಧನಗಳು ಹೊಗೆಯ ಮಾಲಿನ್ಯವನ್ನೇ ಹೆಚ್ಚಿಸಿದವು. ಮೈಲೇಜ್ ನಿಯಮ ಪಾಲಿಸಲು ಕಾರು ಕಂಪನಿಗಳು ಒಂದೊಂದು ಶೇಕಡಾಗೂ ಒದ್ದಾಡುತ್ತವೆ. ಇಷ್ಟು ಅಗ್ಗದ ಡಬ್ಬಿ ಕೆಲಸ ಮಾಡುವಂತಿದ್ದರೆ ಫ್ಯಾಕ್ಟರಿಯಲ್ಲೇ ಹಾಕಿ ಕಳಿಸುತ್ತಿದ್ದರು.

ದಾವಣಗೆರೆಯಿಂದ:
ನೀರಿನಿಂದ ಹೈಡ್ರೋಜನ್ ತೆಗೆಯುವ ಎಚ್‌ಎಚ್‌ಒ ಕಿಟ್ ಬಗ್ಗೆಯೂ ಹೇಳಬೇಕು. ನೀರನ್ನು ಒಡೆಯಲು ಕರೆಂಟ್ ಬೇಕು. ಆ ಕರೆಂಟ್ ಎಂಜಿನ್ ತಿರುಗಿಸುವ ಆಲ್ಟರ್ನೇಟರ್‌ನಿಂದ, ಅಂದರೆ ನೀವು ಹಾಕಿಸಿದ ಪೆಟ್ರೋಲ್‌ನಿಂದಲೇ ಬರಬೇಕು. ಖರ್ಚಾದಷ್ಟು ಶಕ್ತಿ ವಾಪಸ್ ಬರುವುದಿಲ್ಲ. ಮೇಲಾಗಿ ಬಾನೆಟ್ ಕೆಳಗೆ, ಬಿಸಿ ಎಂಜಿನ್ ಪಕ್ಕದಲ್ಲಿ ಹೈಡ್ರೋಜನ್ ಮತ್ತು ಆಕ್ಸಿಜನ್ ಮಿಶ್ರಣ. ದಯವಿಟ್ಟು ಅದರ ಹತ್ತಿರ ಹೋಗಬೇಡಿ. ವೈರಿಂಗ್ ಕತ್ತರಿಸಿ ಕೂರಿಸಿದ ಮೇಲೆ ಬೆಂಕಿ ಹತ್ತಿದರೆ ಇನ್ಶೂರೆನ್ಸ್ ಸಿಗುವುದೂ ಕಷ್ಟ.

ಮತ್ತೆ ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಹೋದ ವರ್ಷ ಎಂಜಿನ್ ಬಿಸಿಯಾಗಿ ರಿಪೇರಿಗೆ ಬಿಟ್ಟಿದ್ದೆ. ಥರ್ಮೋಸ್ಟಾಟ್ ಇದೆಯೋ ಇಲ್ಲವೋ ನೋಡಿಸುತ್ತೇನೆ. ನನ್ನ ತಂಗಿ ಆಗಲೇ ಆ ಡಬ್ಬಿ ತರಿಸಿದ್ದಾಳೆ. ಏನು ಮಾಡಬಹುದು?

ಮೈಸೂರಿನಿಂದ:
ವಾಪಸ್ ಕೊಡುವ ಗಡುವು ಇದ್ದರೆ ಇವತ್ತೇ ರಿಟರ್ನ್ ಹಾಕಲಿ. ಜಾಹೀರಾತಿನ ಸ್ಕ್ರೀನ್‌ಶಾಟ್, ಬಿಲ್ ಎರಡನ್ನೂ ಇಟ್ಟುಕೊಳ್ಳಲಿ. ಮಾರಿದವರು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಸುಳ್ಳು ಜಾಹೀರಾತು 2019ರ ಗ್ರಾಹಕ ರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ.