ಆ ಕವರನ್ನು ನಾಳೆ ಗಾಡಿಗೆ ಕೊಡಬೇಡಿ ಅಕ್ಕಾ

ಅಕ್ಕಾ, ನಮಸ್ಕಾರ. ನಿಮ್ಮ ಮೆಸೇಜ್ ಈಗ ನೋಡಿದೆ. ಅಟ್ಟ ಕ್ಲೀನ್ ಮಾಡುವಾಗ ಸಿಕ್ಕ ಟ್ಯೂಬ್‌ಲೈಟ್, ಹಳೇ ಥರ್ಮಾಮೀಟರ್, ಮಾವನವರ ಮಾತ್ರೆ, ಇನ್ಸುಲಿನ್ ಸೂಜಿ, ಎಲ್ಲಾ ಒಂದೇ ಕವರಿಗೆ ಕಟ್ಟಿ ಕಸದ ಗಾಡಿಗೆ ಕೊಡಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಕೊಡಬೇಡಿ.

ಮೊದಲು ಸೂಜಿ. ನಮ್ಮ ಅಮ್ಮ 11 ವರ್ಷ ಇನ್ಸುಲಿನ್ ತಗೊಂಡರು. ಆ ಸೂಜಿಗಳನ್ನು ನಾವು ಪೇಪರಲ್ಲಿ ಸುತ್ತಿ ಕಸಕ್ಕೆ ಹಾಕುತ್ತಿದ್ದೆವು. ಒಂದು ದಿನ ಕಸ ತಗೊಳ್ಳಲು ಬರುವ ಹೆಂಗಸು ಬೆರಳು ತೋರಿಸಿದರು, ರಕ್ತ ಬರುತ್ತಿತ್ತು. ಸೂಜಿ ಯಾರ ಮನೆಯದೋ ಗೊತ್ತಿಲ್ಲ. ನಮ್ಮದೇ ಇರಬಹುದು. ಸೋಪು ಹಾಕಿ ಹರಿಯುವ ನೀರಲ್ಲಿ ಕೈ ತೊಳೆಸಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಮೂರೂ ಹೀಗೆ ಅಂಟಬಹುದು. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರು ಆಗಬೇಕು. ಕೊನೆಗೆ ರಿಪೋರ್ಟ್ ಚೆನ್ನಾಗಿಯೇ ಬಂತು. ಆದರೆ ಅಲ್ಲಿವರೆಗೆ ಅವರು ತಮ್ಮ ಮಗುವಿಗೆ ಕೈತುತ್ತು ಕೊಡಲೂ ಹೆದರುತ್ತಿದ್ದರು. ಹಾಗೆ ಅಂಟುವುದಿಲ್ಲ ಅಂತ ಎಷ್ಟು ಹೇಳಿದರೂ ಭಯ ಹೋಗಲಿಲ್ಲ.

ಅದಕ್ಕೇ ಅಕ್ಕಾ, ಸೂಜಿಗಳನ್ನು ದಪ್ಪ ಪ್ಲಾಸ್ಟಿಕ್ಕಿನ ಡಿಟರ್ಜೆಂಟ್ ಬಾಟಲಿಗೆ ಹಾಕಿ. ನೀರಿನ ಬಾಟಲಿ ಬೇಡ, ಚುಚ್ಚಿಕೊಂಡು ಹೊರಗೆ ಬರುತ್ತದೆ. ಮುಕ್ಕಾಲು ತುಂಬಿದ ಮೇಲೆ ಮುಚ್ಚಳಕ್ಕೆ ಟೇಪ್ ಸುತ್ತಿ, ‘ಸೂಜಿ’ ಅಂತ ದೊಡ್ಡದಾಗಿ ಬರೆದು ಒಂದು ಕೆಂಪು ಚುಕ್ಕೆ ಇಡಿ. ನಾನು ರಕ್ತ ಪರೀಕ್ಷೆ ಮಾಡಿಸುವ ಲ್ಯಾಬಿನವರು ತಗೊಳ್ಳುತ್ತಾರೆ, ಅವರ ಹತ್ತಿರ ಸೂಜಿಗೆಂದೇ ಬಿಳಿ ಡಬ್ಬ ಇರುತ್ತದೆ.

ಥರ್ಮಾಮೀಟರಲ್ಲಿ ಪಾದರಸ ಇದೆ. ಒಂದು ಸಿಎಫ್‌ಎಲ್ ಬಲ್ಬಿನಲ್ಲಿ ಸುಮಾರು 3ರಿಂದ 5 ಮಿಲಿಗ್ರಾಂ ಇದ್ದರೆ, ಇದರಲ್ಲಿ ಅರ್ಧ ಗ್ರಾಮಿಗೂ ಜಾಸ್ತಿ ಇರಬಹುದು. ಅಂದರೆ ನೂರು ಬಲ್ಬಿನಷ್ಟು! ಹತ್ತಿ ಸುತ್ತಿ ಮುಚ್ಚಳವಿರುವ ಡಬ್ಬಿಯಲ್ಲಿಡಿ. ಅಕಸ್ಮಾತ್ ಒಡೆದರೆ ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ತೆಗೆಯಿರಿ. ಬಳೆ, ಉಂಗುರ ತೆಗೆದಿಡಿ, ಪಾದರಸ ಚಿನ್ನಕ್ಕೆ ಹತ್ತಿಕೊಳ್ಳುತ್ತದೆ. ಪೊರಕೆ ಮುಟ್ಟಲೇಬೇಡಿ, ಹನಿ ಒಡೆದು ಮನೆಯೆಲ್ಲಾ ಹರಡುತ್ತದೆ. ಗಟ್ಟಿ ರಟ್ಟಿನಲ್ಲಿ ಒಟ್ಟುಮಾಡಿ, ಉಳಿದಿದ್ದನ್ನು ಟೇಪಿಗೆ ಅಂಟಿಸಿ ತೆಗೆದು, ಬಾಟಲಿಗೆ ಹಾಕಿ ಮುಚ್ಚಿ. ಟ್ಯೂಬ್‌ಲೈಟಿನಲ್ಲೂ ಪಾದರಸ ಇದೆ, ಚೀಲಕ್ಕೆ ಹಿಡಿಸಲಿ ಅಂತ ಮುರಿಯಬೇಡಿ.

ಮಾತ್ರೆಗಳನ್ನು ಸಿಂಕಿಗೆ, ಕಮೋಡಿಗೆ ಹಾಕುವವರು ನಮ್ಮ ರಸ್ತೆಯಲ್ಲೇ ಇದ್ದಾರೆ. ನಮ್ಮ ಬೆಂಗಳೂರಿನ ಕೋರಮಂಗಲ ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಶುದ್ಧ ಮಾಡಿ 2018ರಿಂದ ಕೋಲಾರದ ಕೆರೆಗಳಿಗೆ ಬಿಡುತ್ತಿದ್ದಾರೆ. ಶುದ್ಧ ಮಾಡಿದರೂ ಔಷಧಿ ಪೂರ್ತಿ ಹೋಗುವುದಿಲ್ಲ. ನಾವು ಸುರಿದ ಆಂಟಿಬಯೋಟಿಕ್ ಯಾರದೋ ಊರಿನ ಕೆರೆ ಸೇರುವುದು ನ್ಯಾಯವಾ? ಮಾತ್ರೆ ಬಿಡಿಸಿ, ಕಾಫಿ ಚರಟದ ಜೊತೆ ಕಲಸಿ, ಗಟ್ಟಿಯಾಗಿ ಕಟ್ಟಿ ರಿಜೆಕ್ಟ್ ಕಸಕ್ಕೆ, ಅಂದರೆ ಗೊಬ್ಬರಕ್ಕೂ ಮರುಬಳಕೆಗೂ ಬಾರದ ಕಸಕ್ಕೆ, ಹಾಕಿ. ಹಸು ನಾಯಿ ಮುಟ್ಟುವುದಿಲ್ಲ, ಯಾರೂ ಆರಿಸಿಕೊಳ್ಳುವುದಿಲ್ಲ.

ಇದೆಲ್ಲಾ ನನ್ನ ತಲೆಯಿಂದ ಬಂದಿದ್ದಲ್ಲ. ಇಂಥ ಕಸವನ್ನು ಹಸಿ ಕಸ, ಒಣ ಕಸದಿಂದ ಬೇರೆ ಇಡಬೇಕು, 20 ಚದರ ಕಿಲೋಮೀಟರಿಗೆ ಒಂದು ಸಂಗ್ರಹ ಕೇಂದ್ರ ಇರಬೇಕು ಅಂತ 2016ರ ಕಸ ನಿರ್ವಹಣೆಯ ನಿಯಮದಲ್ಲೇ ಬರೆದಿತ್ತು. ನಮ್ಮ ಕೇಂದ್ರ ಎಲ್ಲಿದೆ ಅಂತ ವಾರ್ಡಿನಲ್ಲಿ ಎಲ್ಲರೂ ಸೇರಿ ಕೇಳೋಣ. ಅಲ್ಲಿವರೆಗೆ ಪಾರ್ಕಿನ ರೂಮಿನಲ್ಲಿ ಬೀಗ ಹಾಕಿದ ಒಂದು ಪೆಟ್ಟಿಗೆ ಇಡೋಣ. ಬಲ್ಬು, ಸೆಲ್ಲು, ಬಣ್ಣದ ಡಬ್ಬ ಅದರಲ್ಲಿರಲಿ. ಮೊಬೈಲ್ ಬ್ಯಾಟರಿಯ ತುದಿಗೆ ಟೇಪ್ ಹಾಕಿ ಅದನ್ನೂ ಈ ಪೆಟ್ಟಿಗೆಗೇ ಕೊಡಿ, ಕಸದ ಗಾಡಿಗೆ ಹೋದರೆ ಅದುಮಿದಾಗ ಬೆಂಕಿ ಹತ್ತಬಹುದು.

ಗಾಡಿ ಏಳು ಗಂಟೆಗೆ ಬರುತ್ತದೆ ಅಲ್ವಾ, ನಾನು ಆರೂವರೆಗೆ ಖಾಲಿ ಬಾಟಲಿ ತಗೊಂಡು ಬರುತ್ತೇನೆ. ಕವರಿಗೆ ಕೈ ಹಾಕಬೇಡಿ ಅಕ್ಕಾ, ನನ್ನ ಹತ್ತಿರ ಚಿಮಟ ಇದೆ, ನಾನೇ ತೆಗೆಯುತ್ತೇನೆ.